ಬಚ್ಚಲ ಹಂಡೆಯೂ ವಿದ್ಯುತ್ತಿನ ಹೊತ್ತೂ

ಶೀತದೇಶಗಳಲ್ಲಿ ಮನೆಯನ್ನು ಬೆಚ್ಚಗಿಡುವುದು ಗೃಹಸ್ಥನ ದೊಡ್ಡ ಖರ್ಚುಗಳಲ್ಲೊಂದು. ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನುರಿಸುವ ಒಲೆಗಳನ್ನು ತೆಗೆದುಹಾಕಿ ವಿದ್ಯುತ್ತಿನಿಂದಲೇ ಮನೆಯನ್ನು ಕಾಯಿಸುವ, ಮಾಡಿನ ಮೇಲೆ ಸೌರಫಲಕಗಳನ್ನು ಹೊದಿಸಿ ತನಗೆ ಬೇಡದೆ ಮಿಕ್ಕ ವಿದ್ಯುತ್ತನ್ನು ಸರಬರಾಜು ಕಂಪನಿಗೇ ಮಾರುವ ಪದ್ಧತಿ ಅಲ್ಲಿ ಬೆಳೆಯುತ್ತಿದೆ. ಬೆಂಗಳೂರಿನವರಾದ ನಮಗೆ ಈ ಮಾತಿನಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ನಮ್ಮ ಊರಿನಲ್ಲಿ ದಾಖಲಾಗಿರುವ ಅತಿ ಕಡಿಮೆಯ ಉಷ್ಣತೆಯೆಂದರೆ 1884ನೆಯ ಜನವರಿ 13ರಂದು ಕಂಡ 7.8 ಡಿಗ್ರಿ ಸೆಂಟಿಗ್ರೇಡು. ಅಂಥ ದಿನವನ್ನು ಈಗ ಬದುಕಿರುವವರು ಯಾರೂ ಕಂಡಿಲ್ಲ. ಮಾಗಿಯ ಚಳಿಗೆ ಒಂದು ಕಂಬಳಿ, ಒಂದು ಲೋಟ ಕಾಫಿ ಸಾಕಾಗುವ ನಾಡಿನಲ್ಲಿ ಮನೆ ಕಾಯಿಸುವ ಚಿಂತೆ ಯಾರಿಗೂ ಇಲ್ಲ.

ಆದರೆ ನೀರು ಕಾಯಿಸುವ ಚಿಂತೆ ಎಲ್ಲರಿಗೂ ಇದೆ. ಬೇಸಗೆಯ ಎರಡು ತಿಂಗಳನ್ನು ಬಿಟ್ಟರೆ ವರ್ಷವಿಡೀ ಬೆಳಗಿನ ಸ್ನಾನಕ್ಕೆ ಬಿಸಿನೀರು ಬೇಕೆನ್ನುವ ಊರು ನಮ್ಮದು. ಪಶ್ಚಿಮದವರ ಮನೆಯಲ್ಲಿ ಕೋಣೆ ಕಾಯಿಸುವ ಒಲೆಗೆ ಇರುವ ಸ್ಥಾನ ನಮ್ಮ ಮನೆಯಲ್ಲಿ ಬಚ್ಚಲ ಹಂಡೆಗೆ ಇದೆ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆಯಿಟ್ಟು, ಅದಕ್ಕೆ ನೀರು ತುಂಬುವುದನ್ನೇ ಒಂದು ಹಬ್ಬವಾಗಿ ಮಾಡಿಕೊಂಡಿರುವ ಜನ ನಾವು. ಆದುದರಿಂದ ವಿದ್ಯುತ್ತಿನಿಂದ ಕಾಯಿಸುವುದು, ಮಿಕ್ಕ ವಿದ್ಯುತ್ತನ್ನು ಮಾರುವುದು ಎಂಬ ಈ ಹೊಸ ವ್ಯವಹಾರದಲ್ಲಿ ನಮ್ಮ ಪಾಲಿನ ಪ್ರಶ್ನೆಯನ್ನು ನಾವು ಹಂಡೆಯಿಂದಲೇ ಆರಂಭಿಸಬೇಕು.

ಮೊದಲು ಲೆಕ್ಕವನ್ನು ನೋಡೋಣ. ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿಯಷ್ಟು ಏರಿಸಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. ನಾವು ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ಟು, ಎಂದರೆ ಒಂದು ಕಿಲೋವಾಟ್ ಗಂಟೆ, ಸುಮಾರು 860 ಕಿಲೋಕ್ಯಾಲೊರಿಗೆ ಸಮ. ತೊಟ್ಟಿಯಲ್ಲಿ 22 ಡಿಗ್ರಿಯಲ್ಲಿರುವ ನೀರನ್ನು ಸ್ನಾನಕ್ಕೆ ಹಿತವಾದ 42 ಡಿಗ್ರಿಗೆ ಏರಿಸುವುದಾದರೆ 20 ಲೀಟರಿನ ಒಂದು ಬಕೆಟ್ಟಿಗೆ 400 ಕಿಲೋಕ್ಯಾಲೊರಿ ಬೇಕಾಗುತ್ತದೆ. ಅಂದರೆ ಒಂದು ಬಕೆಟ್ಟು ಬಿಸಿನೀರಿನ ಬೆಲೆ ಹೆಚ್ಚುಕಡಮೆ ಅರ್ಧ ಯೂನಿಟ್ಟು. ಇದು ಅಲ್ಪವೆಂದು ತೋರಬಹುದು. ಅದೇ ಅರ್ಧ ಯೂನಿಟ್ಟಿನಿಂದ 9 ವಾಟಿನ ಎಲ್‌ಇಡಿ ದೀಪವೊಂದನ್ನು ಎರಡು ಹಗಲು, ಎರಡು ರಾತ್ರಿ ಬಿಡದೆ ಉರಿಸಬಹುದು. ನೀರಿನಷ್ಟು ಶಾಖವನ್ನು ನುಂಗುವ ವಸ್ತುಗಳು ಪ್ರಕೃತಿಯಲ್ಲಿ ಬಹಳ ಕಡಮೆ. ನಾಲ್ಕು ಮಂದಿಯ ಸಂಸಾರಕ್ಕೆ, ಗೀಸರಿನ ಮೈಯಿಂದ ಸೋರಿಹೋಗುವ ಶಾಖವನ್ನೂ ಸೇರಿಸಿ, ದಿನಕ್ಕೆ ಎರಡೂವರೆ ಯೂನಿಟ್ಟು ಸ್ನಾನಕ್ಕೇ ಖರ್ಚಾಗುತ್ತದೆಂದು ಹೇಳಬಹುದು. ತಿಂಗಳಿಗೆ ಇದು 75 ಯೂನಿಟ್ಟು. ಹವಾನಿಯಂತ್ರಣ ಯಂತ್ರವಿಲ್ಲದ ಸಾಧಾರಣ ಮನೆಯಲ್ಲಿ ಇಷ್ಟು ವಿದ್ಯುತ್ತನ್ನು ಬೇಡುವ ಉಪಕರಣ ಬೇರೊಂದಿಲ್ಲ.

ಈ ಶಾಖವನ್ನು ನಮ್ಮ ಹಿರಿಯರು ತೆಂಗಿನ ಗರಿ, ಕರಟ, ಸೌದೆಗಳಿಂದ ಪಡೆಯುತ್ತಿದ್ದರು. ಹೊಗೆ ಅವರ ಕಣ್ಣಿಗೂ ಎದೆಗೂ ಬೀಳುತ್ತಿತ್ತು. ಅನಂತರ ತಾಮ್ರದ ಬಾಯ್ಲರು ಬಂದಿತು. ಅದರ ಹಿಂದೆ ವಿದ್ಯುತ್ತಿನ ಗೀಸರು. ಕೆಲವರು ಅಡಿಗೆ ಅನಿಲದ ಗೀಸರನ್ನು ಬಚ್ಚಲಿನಲ್ಲಿಯೇ ತೂಗುಹಾಕಿಕೊಂಡರು. ಗಾಳಿಯಾಡದ ಕೋಣೆಯಲ್ಲಿ ಅನಿಲ ಉರಿದಾಗ ಇಂಗಾಲದ ಮಾನಾಕ್ಸೈಡು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನನ್ನು ಇದು ತಾನೇ ಹಿಡಿದುಕೊಳ್ಳುವುದರಿಂದ ಸ್ನಾನಕ್ಕೆ ಹೋದವರು ಹೊರಗೆ ಬಾರದೆ ಹೋದ ದುರಂತಗಳು ನಮ್ಮ ನಗರದಲ್ಲಿ ಒಂದೆರಡಲ್ಲ. ಬಚ್ಚಲನ್ನು ಉರಿಯಿಂದ ಬಿಡಿಸಿ ವಿದ್ಯುತ್ತಿಗೆ ಒಪ್ಪಿಸಬೇಕೆಂಬುದಕ್ಕೆ ಇದೊಂದೇ ಕಾರಣ ಸಾಕು.

ಬಿಸಿಲಿನಿಂದಲೇ ನೇರವಾಗಿ ನೀರು ಕಾಯಿಸುವ ಸೋಲಾರ್ ಹೀಟರು ಬೆಂಗಳೂರಿಗೆ ಹೊಸದಲ್ಲ. ನಿರ್ದಿಷ್ಟ ಅಳತೆಯನ್ನು ಮೀರಿದ ಹೊಸ ಮನೆಗಳಿಗೆ 2007ರಿಂದ ಅದನ್ನು ಕಡ್ಡಾಯಗೊಳಿಸಲಾಯಿತು. ಮಹಡಿಯ ಮೇಲೆ ಓರೆಯಾಗಿ ನಿಂತ ಆ ಗಾಜಿನ ಕೊಳವೆಗಳು ಈ ನಗರದ ಗುರುತೇ ಆಗಿವೆ ಎಂದರೆ ತಪ್ಪಾಗಲಾರದು. ಸ್ವಂತ ಮನೆ, ತೆರೆದ ಮಹಡಿ, ಮೆದುನೀರು ಈ ಮೂರೂ ಇರುವವರಿಗೆ ಅದು ಇಂದಿಗೂ ಒಳ್ಳೆಯ ಸಾಧನವೇ. ಈ ಮೂರೂ ಕೂಡಿ ದೊರೆಯದ ಕಡೆ ಏನು ಮಾಡಬೇಕು ಎಂಬುದೇ ಈಗಿನ ಪ್ರಶ್ನೆ.

ಪಟ್ಟಂದೂರು ಅಗ್ರಹಾರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹೆಸರೇ ಹೇಳುವಂತೆ ಇದು ಹಿಂದೊಮ್ಮೆ ಬ್ರಾಹ್ಮಣರಿಗೆ ದತ್ತಿಯಾಗಿ ಬಂದ ಹಳ್ಳಿ. ಪಕ್ಕದ ವೈಟ್‌ಫೀಲ್ಡು 1882ರಲ್ಲಿ ಆಂಗ್ಲೋ ಇಂಡಿಯನ್ ಜನರ ನೆಲೆಯಾಗಿ ಹುಟ್ಟಿತು. ಭಾರತ ಮತ್ತು ಸಿಂಗಪುರಗಳ ಸಹಯೋಗದಿಂದ 1994ರಲ್ಲಿ ಮೊದಲಾದ ಅಂತರರಾಷ್ಟ್ರೀಯ ತಂತ್ರಜ್ಞಾನ ಉದ್ಯಾನವು ಈ ಹಳ್ಳಿಯ ಮಗ್ಗುಲಲ್ಲೇ ಎದ್ದಿತು. ಊರಿನ ವಿದ್ಯುತ್ತನ್ನೇ ನೆಚ್ಚಿ ಕೂರದೆ ತನ್ನದೇ ವಿದ್ಯುದಾಗಾರವನ್ನು ಅದು ಕಟ್ಟಿಕೊಂಡಿತು. 2023ರ ಮಾರ್ಚಿಯಲ್ಲಿ ಮೆಟ್ರೋ ರೈಲು ಬಂದು, ಹಳ್ಳಿಯ ಹೆಸರು ನಿಲ್ದಾಣದ ಹಲಗೆಯ ಮೇಲೇರಿತು. ಮೂವತ್ತು ನಲವತ್ತಡಿಯ ನಿವೇಶನಗಳಲ್ಲಿ ನಾಲ್ಕೈದು ಅಂತಸ್ತು ಎದ್ದಿವೆ. ಕೆಲಸಕ್ಕಾಗಿ ದೂರದಿಂದ ಬಂದ ತರುಣ ತರುಣಿಯರು ತಂಗುವ ಪಿ.ಜಿ.ಗಳು ಈ ಭಾಗದ ಬೀದಿ ಬೀದಿಗಳಲ್ಲಿವೆ. ಅಂಥ ಒಂದು ಮನೆಯಲ್ಲಿ ಅರುವತ್ತು ಮಂದಿ ಇದ್ದರೆ ಬೆಳಗ್ಗೆ ಏಳರಿಂದ ಒಂಬತ್ತರೊಳಗೆ ಅರುವತ್ತು ಬಕೆಟ್ಟು ಬಿಸಿನೀರು ಬೇಕು. ನೀರು ಬರುವುದೋ ಬಹುಮಟ್ಟಿಗೆ ಕೊಳವೆಬಾವಿಯಿಂದ ಅಥವಾ ಟ್ಯಾಂಕರಿನಿಂದ. ಆ ಗಡಸು ನೀರು ಕಾದಾಗ ಸುಣ್ಣದ ಪೊರೆಯನ್ನು ಬಿಟ್ಟುಹೋಗುತ್ತದೆ. ಸೋಲಾರ್ ಹೀಟರಿನ ಗಾಜಿನ ಕೊಳವೆಗಳು ವರ್ಷವೆರಡು ವರ್ಷಗಳಲ್ಲಿ ಕಟ್ಟಿಕೊಳ್ಳುತ್ತವೆ. ಕೆಳಗಿನ ಅಂತಸ್ತಿನವನು ನಲ್ಲಿ ತಿರುಗಿಸಿ ಬಿಸಿನೀರಿಗಾಗಿ ಕಾಯುವಷ್ಟರಲ್ಲಿ ಅರ್ಧ ಬಕೆಟ್ಟು ತಣ್ಣೀರು ಮೋರಿಗೆ ಹರಿದುಹೋಗುತ್ತದೆ.

ಇಂಥ ಕಡೆ ಬಿಸಿಲನ್ನು ನೀರಿನ ರೂಪದಲ್ಲಿ ಇಳಿಸುವುದಕ್ಕಿಂತ ತಂತಿಯ ಮೂಲಕ ಇಳಿಸುವುದು ಸುಲಭ. ಇದರಿಂದ ನಷ್ಟವಾಗುವುದಿಲ್ಲವೇ ಎಂಬ ಆಕ್ಷೇಪಣೆಗೆ ವಿಜ್ಞಾನವು ಸೊಗಸಾದ ಉತ್ತರವನ್ನು ಕೊಡುತ್ತದೆ. ಸೋಲಾರ್ ಹೀಟರು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಐವತ್ತು ಅರುವತ್ತು ಪಾಲನ್ನು ಶಾಖವಾಗಿ ಹಿಡಿಯುತ್ತದೆ. ವಿದ್ಯುತ್ತನ್ನು ಕೊಡುವ ಸೌರಫಲಕ ಹಿಡಿಯುವುದು ಸುಮಾರು ಇಪ್ಪತ್ತು ಪಾಲನ್ನು ಮಾತ್ರ. ಸಾಮಾನ್ಯ ಗೀಸರು ಒಂದು ಯೂನಿಟ್ಟಿಗೆ ಒಂದು ಯೂನಿಟ್ಟಿನಷ್ಟೇ ಶಾಖವನ್ನು ಕೊಡುವುದರಿಂದ ಇಲ್ಲಿ ಸೋಲಾರ್ ಹೀಟರೇ ಮೇಲು. ಆದರೆ ಹೀಟ್ ಪಂಪು ಎಂಬ ಯಂತ್ರವೊಂದಿದೆ. ಇದು ಶಾಖವನ್ನು ಹುಟ್ಟಿಸುವುದಿಲ್ಲ. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎತ್ತಿ ನೀರಿಗೆ ತುಂಬುತ್ತದೆ. ತಂಗಳ ಪೆಟ್ಟಿಗೆಯು ಒಳಗಿನ ಶಾಖವನ್ನು ಹಿಂಬದಿಯ ಕೊಳವೆಗಳಿಗೆ ಸಾಗಿಸುವುದನ್ನು ನಾವು ಕೈಯಿಟ್ಟು ನೋಡಬಹುದು. ಇದೂ ಅದೇ ತತ್ತ್ವ. ಹೀಗೆ ಶಾಖವನ್ನು ಸಾಗಿಸಿ ಬೆಚ್ಚಗಿರಬಹುದೆಂದು 1852ರಲ್ಲೇ ವಿಲಿಯಂ ಥಾಮ್ಸನ್, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಜ್ಞಾನಿ, ತೋರಿಸಿಕೊಟ್ಟಿದ್ದನು. ಹೊರಗಿನ ಗಾಳಿ ಬೆಚ್ಚಗಿದ್ದಷ್ಟೂ ಈ ಯಂತ್ರಕ್ಕೆ ಶ್ರಮ ಕಡಮೆ. ಮಂಜು ಬೀಳುವ ದೇಶಗಳಲ್ಲಿ ಏದುಸಿರು ಬಿಡುವ ಈ ಯಂತ್ರ ಬೆಂಗಳೂರಿನ ಹವೆಯಲ್ಲಿ ಒಂದು ಯೂನಿಟ್ಟು ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖವನ್ನು ಕೊಡಬಲ್ಲದು. ಇಪ್ಪತ್ತನ್ನು ಮೂರರಿಂದ ಗುಣಿಸಿದರೆ ಅರುವತ್ತು. ಸೋಲಾರ್ ಹೀಟರಿಗೆ ಇದು ಸರಿಸಮ. ಮೇಲಾಗಿ, ನೀರು ಬೇಡವಾದ ಬೇಸಗೆಯ ದಿನದಲ್ಲಿ ಹೀಟರಿನ ಶಾಖ ವ್ಯರ್ಥವಾದರೆ ಫಲಕದ ವಿದ್ಯುತ್ತು ಫ್ಯಾನಿಗೋ ಪಕ್ಕದ ಮನೆಗೋ ಆಗುತ್ತದೆ.

ಅರುವತ್ತು ಮಂದಿಯ ಆ ಪಿ.ಜಿ.ಗೆ ಈ ಲೆಕ್ಕವನ್ನು ಹಚ್ಚಿ ನೋಡೋಣ. ಅರುವತ್ತು ಬಕೆಟ್ಟಿಗೆ ಸಾಮಾನ್ಯ ಗೀಸರಿನಿಂದ ದಿನಕ್ಕೆ 28 ಯೂನಿಟ್ಟು. ಹೀಟ್ ಪಂಪಿನಿಂದ 9 ಅಥವಾ 10. ಒಂದು ಕಿಲೋವಾಟಿನ ಫಲಕಗಳು ಬೆಂಗಳೂರಿನ ಬಿಸಿಲಿನಲ್ಲಿ ವರ್ಷದ ಸರಾಸರಿಗೆ ದಿನಕ್ಕೆ ಸುಮಾರು 4 ಯೂನಿಟ್ಟನ್ನು ಕೊಡುತ್ತವೆ. ಅವುಗಳಿಗೆ ಬೇಕಾಗುವ ಜಾಗ ಸುಮಾರು ನೂರು ಚದರಡಿ. ಹಾಗಾದರೆ ಮುನ್ನೂರು ಚದರಡಿಯಲ್ಲಿ ಮೂರು ಕಿಲೋವಾಟು, ದಿನಕ್ಕೆ 12 ಯೂನಿಟ್ಟು. ನೀರಿನ ತೊಟ್ಟಿ ಮತ್ತು ಬಟ್ಟೆ ಒಣಗಿಸುವ ಹಗ್ಗಗಳಿಗೆ ಜಾಗ ಬಿಟ್ಟು, ಮಹಡಿಯ ಅರೆಪಾಲಿನಿಂದ ಅರುವತ್ತು ಮಂದಿಯ ಸ್ನಾನವನ್ನು ನಡೆಸಬಹುದೆಂದಾಯಿತು. ಹೀಟ್ ಪಂಪಿನ ಬೆಲೆ ಗೀಸರಿಗಿಂತ ಹಲವು ಪಟ್ಟು ಹೆಚ್ಚೆಂಬುದು ನಿಜ. ಒಂಟಿ ಸಂಸಾರಕ್ಕೆ ಅದು ಭಾರವಾದೀತು. ನೂರಾರು ಲೀಟರನ್ನು ಪ್ರತಿದಿನವೂ ಕಾಯಿಸುವವರಿಗೆ ಅದು ತನ್ನ ಬೆಲೆಯನ್ನು ತಾನೇ ತೀರಿಸಿಕೊಳ್ಳುತ್ತದೆ.

ಇನ್ನು ಮಾರಾಟದ ಮಾತು. ಮನೆಯ ಫಲಕಗಳಿಂದ ಬರುವ ವಿದ್ಯುತ್ತು ಮೊದಲು ಮನೆಯ ಉಪಕರಣಗಳಿಗೆ ಹೋಗುತ್ತದೆ. ಮಿಕ್ಕುದು ಕಂಬದ ತಂತಿಗೆ ಹರಿಯುತ್ತದೆ. ಎರಡು ದಿಕ್ಕಿನ ಹರಿವನ್ನೂ ಅಳೆಯುವ ಮೀಟರು ಕೊಟ್ಟುದನ್ನೂ ಕೊಂಡುದನ್ನೂ ಬೇರೆಬೇರೆಯಾಗಿ ಬರೆದಿಡುತ್ತದೆ. ತಿಂಗಳ ಕೊನೆಗೆ ಒಂದರಲ್ಲಿ ಇನ್ನೊಂದನ್ನು ಕಳೆದು ಉಳಿದುದಕ್ಕೆ ಹಣ ಸಂದಾಯವಾಗುತ್ತದೆ. ಇದಕ್ಕೆ ನೆಟ್ ಮೀಟರಿಂಗ್ ಎಂದು ಹೆಸರು. ಒಂದು ವಿಷಯವನ್ನು ಕೊಳ್ಳುವವರು ಮೊದಲೇ ತಿಳಿದಿರಬೇಕು: ಬೀದಿಯ ವಿದ್ಯುತ್ತು ಹೋದಾಗ ಇಂಥ ಫಲಕಗಳೂ ತಾವಾಗಿಯೇ ನಿಂತುಬಿಡುತ್ತವೆ. ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್ನಿಗೆ ನಮ್ಮ ಮಹಡಿಯಿಂದ ಹರಿದ ವಿದ್ಯುತ್ತು ತಗುಲಬಾರದೆಂಬುದೇ ಇದರ ಕಾರಣ.

2013ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಮಹಡಿಯ ಸೌರವಿದ್ಯುತ್ತಿಗೆ, ಸಹಾಯಧನ ಪಡೆಯದವರಿಗೆ, ಯೂನಿಟ್ಟಿಗೆ 9 ರೂಪಾಯಿ 56 ಪೈಸೆಯ ದರವನ್ನು ಗೊತ್ತುಮಾಡಿತು. ಫಲಕಗಳು ಆಗ ದುಬಾರಿಯಾಗಿದ್ದವು. ಅವುಗಳ ಬೆಲೆ ಕುಸಿದಂತೆಲ್ಲ ಹೊಸಬರಿಗೆ ಕೊಡುವ ದರವೂ ಇಳಿಯುತ್ತ ಬಂದು, ಅದರ ಅರ್ಧಕ್ಕಿಂತ ಕೆಳಗೆ ನಿಂತಿತು. 2024ರಲ್ಲಿ ಕೇಂದ್ರ ಸರ್ಕಾರವು ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯನ್ನು ಆರಂಭಿಸಿ, ಮೊದಲ ಎರಡು ಕಿಲೋವಾಟಿಗೆ ತಲಾ 30,000 ರೂಪಾಯಿಯಂತೆ, ಮೂರು ಕಿಲೋವಾಟಿಗೆ ಒಟ್ಟು 78,000 ರೂಪಾಯಿ ಸಹಾಯಧನವನ್ನು ಘೋಷಿಸಿತು. ಅದೇ ವರ್ಷದ ಏಪ್ರಿಲಿನಿಂದ ನಮ್ಮ ರಾಜ್ಯದಲ್ಲಿ ಮನೆಬಳಕೆಯ ಯೂನಿಟ್ಟಿನ ಬೆಲೆ 5 ರೂಪಾಯಿ 90 ಪೈಸೆಯಾಯಿತು. ಕೊಳ್ಳುವ ಬೆಲೆ ಮಾರುವ ಬೆಲೆಗಿಂತ ಹೆಚ್ಚು ಎಂಬ ಸ್ಥಿತಿ ಇಲ್ಲಿಂದ ಸ್ಪಷ್ಟವಾಯಿತು.

ಇದರ ಸುತ್ತ ಒಂದು ಜಗಳ ಬೆಳೆದಿದೆ. ಮೂರು ಕಿಲೋವಾಟಿನ ಫಲಕಗಳಿರುವ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನ ಮಹಡಿ ದಿನಕ್ಕೆ 12 ಯೂನಿಟ್ಟು ಕೊಡುತ್ತದೆ. ಮನೆಗೆ ಬೇಕಾದುದು ಸ್ನಾನವೂ ಸೇರಿ 8. ಹಗಲಿನಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ, ಆದುದರಿಂದ ಬಿಸಿಲಿರುವಾಗ ಬಳಕೆಯಾಗುವುದು 2 ಯೂನಿಟ್ಟು ಮಾತ್ರ. ಉಳಿದ 10 ಕಂಬಕ್ಕೆ ಹೋಗುತ್ತದೆ; ಬೆಳಗು ಸಂಜೆಗಳಲ್ಲಿ 6 ಕಂಬದಿಂದ ಬರುತ್ತದೆ. "ಹತ್ತು ಕೊಟ್ಟೆ, ಆರು ಪಡೆದೆ, ನಾಲ್ಕಕ್ಕೆ ಸರಿಯಾದ ಬೆಲೆ ಕೊಡಿ" ಎಂದು ಅವನು ಕೇಳುತ್ತಾನೆ. "ಎಲ್ಲರ ಬಳಿಯೂ ಇರುವ ಹೊತ್ತಿನಲ್ಲಿ ಕೊಟ್ಟಿರಿ, ಯಾರ ಬಳಿಯೂ ಇಲ್ಲದ ಹೊತ್ತಿನಲ್ಲಿ ಪಡೆದಿರಿ" ಎಂದು ಕಂಪನಿ ಉತ್ತರಿಸುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇಬ್ಬರೂ ಹೇಳುವುದು ಸತ್ಯ. ಯೂನಿಟ್ಟುಗಳನ್ನು ಎಣಿಸುವ ಲೆಕ್ಕದಲ್ಲಿ ಹೊತ್ತಿಗೆ ಬೆಲೆಯೇ ಇಲ್ಲದಿರುವುದು ಈ ಜಗಳದ ಮೂಲ.

ಹೊತ್ತಿಗೆ ಬೆಲೆಯಿದೆ ಎಂಬುದು ನಮ್ಮ ನಾಡಿಗೆ ಹೊಸ ಪಾಠವಲ್ಲ. ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಮೊದಲು ಹೋದುದು ಬೆಂಗಳೂರಿಗಲ್ಲ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿದೀಪಗಳು ಹತ್ತಿದುದು 1905ರಲ್ಲಿ. ಗಣಿಯ ಯಂತ್ರಗಳು ಹಗಲೂ ಇರುಳೂ ಒಂದೇ ಸಮನೆ ವಿದ್ಯುತ್ತನ್ನು ಕೊಳ್ಳುತ್ತಿದ್ದವು. ಊರಿನ ದೀಪಕ್ಕೆ ಅದು ಬೇಕಾದುದು ಕತ್ತಲಾದ ಮೇಲೆ ಮಾತ್ರ. ಹರಿಯುವ ನೀರಿಗೆ ಹಗಲಿರುಳೆಂಬ ಭೇದವಿಲ್ಲದಿರುವಾಗ, ಒಂದೇ ಸಮನೆ ಕೊಳ್ಳುವವನು ಉತ್ತಮ ಗಿರಾಕಿಯೆಂಬುದು ಸಹಜ. ಬಿಸಿಲಿನ ವಿಷಯದಲ್ಲಿ ಇದು ತಿರುಗುಮುರುಗಾಗುತ್ತದೆ. ಸೂರ್ಯನು ಮಧ್ಯಾಹ್ನವೇ ಹೆಚ್ಚಾಗಿ ಕೊಡುವುದರಿಂದ ಮಧ್ಯಾಹ್ನ ಕೊಳ್ಳುವವನೇ ಇಂದು ಉತ್ತಮ ಗಿರಾಕಿ.

ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನವಿದೆ. ಇಂಥ ಉದ್ಯಾನಗಳೂ ಮಹಡಿಗಳೂ ಸೇರಿ ನಡುಹಗಲಿನಲ್ಲಿ ಹೇರಳವಾಗಿ ಸುರಿಸುವ ವಿದ್ಯುತ್ತು ಸೂರ್ಯ ಇಳಿಯುತ್ತಲೇ ಬತ್ತಿಹೋಗುತ್ತದೆ. ಬೆಳಗಿನ ಆರರಿಂದ ಎಂಟರವರೆಗೆ ಅದು ಇನ್ನೂ ಮೊಳೆತಿರುವುದೇ ಇಲ್ಲ. ಬೆಂಗಳೂರಿನ ಗೀಸರುಗಳು ಉರಿಯುವುದು ಸರಿಯಾಗಿ ಆಗಲೇ. ಒಂದು ಗೀಸರಿನ ಬೇಡಿಕೆ 2 ಕಿಲೋವಾಟು. ಒಂದು ಲಕ್ಷ ಮನೆಗಳಲ್ಲಿ ಒಮ್ಮೆಗೇ ಗುಂಡಿ ಒತ್ತಿದರೆ 200 ಮೆಗಾವಾಟು. ರಾಯಚೂರಿನ ಶಾಖೋತ್ಪನ್ನ ವಿದ್ಯುದಾಗಾರದ ಮೊದಲ ಏಳು ಘಟಕಗಳ ಸಾಮರ್ಥ್ಯ ತಲಾ 210 ಮೆಗಾವಾಟು. ಅಂದರೆ ಇಡಿಯ ನಗರವನ್ನು ಬಿಟ್ಟು ಒಂದು ಲಕ್ಷ ಬಚ್ಚಲುಗಳಿಗಾಗಿಯೇ ಅಂಥ ಒಂದು ಘಟಕ ಕಲ್ಲಿದ್ದಲನ್ನು ಉರಿಸಿಕೊಂಡು ನಿಂತಿರಬೇಕು.

ಮಧ್ಯಾಹ್ನದ ವಿದ್ಯುತ್ತನ್ನು ಸಂಜೆಗೆ, ಬೆಳಗಿಗೆ ಕೂಡಿಡಲು ದೊಡ್ಡ ದೊಡ್ಡ ಉಪಾಯಗಳನ್ನು ಹೂಡಲಾಗುತ್ತಿದೆ. ಅವುಗಳಲ್ಲಿ ಒಂದು, ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನದೆಂದು ರೂಪಿಸಿರುವ ಯೋಜನೆ. ವಿದ್ಯುತ್ತು ಹೆಚ್ಚಾದಾಗ ಗೇರುಸೊಪ್ಪೆಯ ಜಲಾಶಯದಿಂದ ತಳಕಳಲೆಯ ಜಲಾಶಯಕ್ಕೆ ನೀರನ್ನೆತ್ತಿ, ಕಡಮೆಯಾದಾಗ ಅದನ್ನೇ ಇಳಿಸಿ ಮತ್ತೆ ವಿದ್ಯುತ್ತನ್ನು ಪಡೆಯುವುದು ಅದರ ಕ್ರಮ. ತತ್ತ್ವ ಸರಿಯಾದುದೇ. ಆದರೆ ಅದು ನಡೆಯಬೇಕಾದ ನೆಲ ಸಿಂಗಳೀಕಗಳ ಅಭಯಾರಣ್ಯ. ಅದಕ್ಕಾಗಿ ಕಾಡನ್ನು ಕಡಿಯಬಾರದೆಂದು ಮಲೆನಾಡಿನ ಜನರೂ ಪರಿಸರಾಸಕ್ತರೂ ವಿರೋಧಿಸಿದ್ದಾರೆ. ನಗರದ ಬೆಳಗಿನ ಬಿಸಿನೀರಿಗೂ ಮಲೆನಾಡಿನ ಕಾಡಿಗೂ ಇರುವ ಸಂಬಂಧವನ್ನು ನಾವು ಮರೆಯುವಂತಿಲ್ಲ.

ಇಲ್ಲಿ ನಾವು ಹೇಳಬಯಸುವುದು ಬಹಳ ಸರಳವಾದ ಮಾತು. ಬಿಸಿನೀರಿನ ತೊಟ್ಟಿಯೇ ಒಂದು ಬ್ಯಾಟರಿ. ಶಾಖಕ್ಕೆಂದೇ ಬಳಕೆಯಾಗುವ ವಿದ್ಯುತ್ತನ್ನು ವಿದ್ಯುತ್ತಾಗಿ ಕೂಡಿಡಬೇಕಾದ ಅಗತ್ಯವಿಲ್ಲ. ಅದನ್ನು ಶಾಖವಾಗಿಯೇ ಕೂಡಿಡಬಹುದು. ಚೆನ್ನಾಗಿ ಹೊದಿಕೆ ಹಾಕಿದ ತೊಟ್ಟಿಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರೊಳಗೆ 60 ಡಿಗ್ರಿಗೆ ಕಾದ ನೀರು ಮರುದಿನ ಬೆಳಗ್ಗೆಯೂ ಕೈ ಸುಡುವಷ್ಟು ಬಿಸಿಯಾಗಿರುತ್ತದೆ. 60 ಡಿಗ್ರಿಯ 50 ಲೀಟರಿಗೆ ಸುಮಾರು 45 ಲೀಟರು ತಣ್ಣೀರನ್ನು ಬೆರಸಿದರೆ 42 ಡಿಗ್ರಿಯ 95 ಲೀಟರು ಸಿಕ್ಕುತ್ತದೆ. ರಾತ್ರಿಯ ನಷ್ಟಕ್ಕೆಂದು ತೊಟ್ಟಿಯನ್ನು ತುಸು ದೊಡ್ಡದಾಗಿ ಕೊಂಡರೆ ನಾಲ್ಕು ಮಂದಿಯ ಸ್ನಾನಕ್ಕೆ ಧಾರಾಳ. ನೀರನ್ನು 60 ಡಿಗ್ರಿಗೇರಿಸುವುದರಿಂದ ಬೆಚ್ಚನೆಯ ನೀರಿನಲ್ಲಿ ಬೆಳೆಯುವ ಲೀಜಿಯೊನೆಲ್ಲ ಎಂಬ ರೋಗಾಣುವೂ ಸಾಯುತ್ತದೆ. ಇದಕ್ಕೆ ಬೇಕಾದುದು ಹೊಸ ಶೋಧವಲ್ಲ. ಹೊದಿಕೆಯುಳ್ಳ ತೊಟ್ಟಿ, ಅದಕ್ಕೊಂದು ಟೈಮರು. ನೀರನ್ನು ಕೂಡಿಡದೆ ಹರಿಯುತ್ತಿರುವಾಗಲೇ ಕಾಯಿಸುವ 3 ಕಿಲೋವಾಟಿನ ಪುಟ್ಟ ಗೀಸರುಗಳು ಅಂಗಡಿಯಲ್ಲಿ ಅಗ್ಗವಾಗಿ ತೋರುತ್ತವೆ. ಆದರೆ ಹೊತ್ತನ್ನು ಮುಂದೂಡುವ ಶಕ್ತಿ ಅವುಗಳಿಗಿಲ್ಲದಿರುವುದರಿಂದ ಊರಿಗೆ ಅವೇ ದುಬಾರಿ.

ಮೇಲಿನ ಗೃಹಸ್ಥನು ತನ್ನ ಗೀಸರನ್ನು ಬೆಳಗಿನಿಂದ ಮಧ್ಯಾಹ್ನಕ್ಕೆ ಸರಿಸಿದನೆನ್ನೋಣ. ಈಗ ಅವನು ಕಂಬಕ್ಕೆ ಕೊಡುವುದು 10ರ ಬದಲು ಏಳೂವರೆ. ಕಂಬದಿಂದ ಪಡೆಯುವುದು 6ರ ಬದಲು ಮೂರೂವರೆ. ಕಂಪನಿಗೆ ಬೆಳಗಿನ ಭಾರ ಇಳಿಯಿತು. ಅವನಿಗೆ ದೊರೆತ ಲಾಭವೇನು? ಏನೂ ಇಲ್ಲ. ನೆಟ್ ಮೀಟರಿಂಗಿನ ಲೆಕ್ಕದಲ್ಲಿ ಆಗಲೂ ನಾಲ್ಕು, ಈಗಲೂ ನಾಲ್ಕು. ಊರಿಗೆ ಉಪಕಾರ ಮಾಡಿದವನಿಗೂ ಮಾಡದವನಿಗೂ ಒಂದೇ ಬಿಲ್ಲು ಬರುವ ವ್ಯವಸ್ಥೆಯಲ್ಲಿ ಯಾರು ತಾನೇ ಟೈಮರು ಕೊಂಡಾರು? ಮಧ್ಯಾಹ್ನದ ಯೂನಿಟ್ಟಿಗೆ ಮೂರು ರೂಪಾಯಿ, ಬೆಳಗಿನ ಯೂನಿಟ್ಟಿಗೆ ಆರು ರೂಪಾಯಿ ಎಂದು ಮಾತಿಗೆ ಇಟ್ಟುಕೊಂಡರೆ, ಅದೇ ಎರಡೂವರೆ ಯೂನಿಟ್ಟಿನಿಂದ ದಿನಕ್ಕೆ ಏಳೂವರೆ ರೂಪಾಯಿ, ತಿಂಗಳಿಗೆ 225 ರೂಪಾಯಿ ಉಳಿಯುತ್ತದೆ. ಆಗ ಉಪದೇಶದ ಅಗತ್ಯವಿರುವುದಿಲ್ಲ. ಫಲಕಗಳಿಲ್ಲದ ಮನೆಯವನಿಗೂ ಈ ಉಳಿತಾಯ ಸಲ್ಲುತ್ತದೆ ಎಂಬುದು ಇದರ ವಿಶೇಷ.

ಹೊತ್ತಿಗೆ ತಕ್ಕ ದರವೆಂಬ ಈ ವಿಚಾರಕ್ಕೆ ಕಾನೂನಿನ ಬೆಂಬಲವೂ ಇದೆ. ಬಳಕೆದಾರರ ಹಕ್ಕುಗಳ ನಿಯಮಗಳಿಗೆ ಕೇಂದ್ರ ಸರ್ಕಾರ 2023ರಲ್ಲಿ ಮಾಡಿದ ತಿದ್ದುಪಡಿಯು ಸೌರ ಗಂಟೆಗಳ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ನೂರಕ್ಕೆ ಇಪ್ಪತ್ತರಷ್ಟು ಕಡಮೆಯಿರಬೇಕೆಂದು ಹೇಳಿತು. ದೊಡ್ಡ ವಾಣಿಜ್ಯ ಮತ್ತು ಕೈಗಾರಿಕಾ ಬಳಕೆದಾರರಿಗೆ 2024ರ ಏಪ್ರಿಲ್ ಒಂದನ್ನೂ, ಕೃಷಿಯನ್ನು ಬಿಟ್ಟು ಉಳಿದವರಿಗೆ 2025ರ ಏಪ್ರಿಲ್ ಒಂದನ್ನೂ ಅದು ಗಡುವಾಗಿ ಇಟ್ಟಿತು. ಹೊತ್ತನ್ನು ಗುರುತಿಸಬಲ್ಲ ಸ್ಮಾರ್ಟ್ ಮೀಟರು ಮನೆಗೆ ಬಂದ ಮೇಲೆ ಇದು ಜಾರಿಗೆ ಬರಬೇಕೆಂಬುದು ನಿಯಮದ ಆಶಯ. ಫ್ರಾನ್ಸಿನಲ್ಲಿ ಪರಮಾಣು ವಿದ್ಯುತ್ತು ರಾತ್ರಿ ಮಿಗುತ್ತಿದ್ದುದರಿಂದ ದಶಕಗಳ ಕಾಲ ಮನೆಮನೆಯ ಬಿಸಿನೀರಿನ ತೊಟ್ಟಿಗಳನ್ನು ರಾತ್ರಿಯ ಅಗ್ಗದ ದರದಲ್ಲಿ ಕಾಯಿಸಲಾಗುತ್ತಿತ್ತು. ಸೌರವಿದ್ಯುತ್ತು ಬೆಳೆದ ಮೇಲೆ, 2025ರ ನವೆಂಬರಿನಿಂದ, ಆ ಅಗ್ಗದ ಗಂಟೆಗಳಲ್ಲಿ ಕೆಲವನ್ನು ಅಲ್ಲಿ ಮಧ್ಯಾಹ್ನಕ್ಕೆ ಸರಿಸಲು ತೊಡಗಿದರು. ಸೂರ್ಯ ನಮಗಿಂತ ಕೃಪಣನಾಗಿರುವ ದೇಶದಲ್ಲಿ ಸಾಧ್ಯವಾದುದು ಇಲ್ಲಿ ಅಸಾಧ್ಯವಾಗಬೇಕಿಲ್ಲ.

ನಮ್ಮ ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳನ್ನು ವಾಚಕರು ನೆನೆಯಬಹುದು. ಒಂದೇ ಹಸುವಿರುವ ಮನೆಯವರು ತಂಬಿಗೆಯಲ್ಲಿ ತಂದ ಹಾಲನ್ನೂ ಸಂಘವು ಅಳೆದು ಕೊಳ್ಳುತ್ತದೆ. ಆದರೆ ಬೆಲೆ ಕಟ್ಟುವುದು ಅಳತೆಯೊಂದನ್ನೇ ನೋಡಿ ಅಲ್ಲ. ಹಾಲಿನ ಸತ್ವವನ್ನು ಪರೀಕ್ಷಿಸಿ. ಹಾಲಿಗೆ ಜಿಡ್ಡಿನಂಶ ಹೇಗೋ ವಿದ್ಯುತ್ತಿಗೆ ಹೊತ್ತು ಹಾಗೆ. ಮನೆಯಿಂದ ಕೊಳ್ಳುವ ಯೂನಿಟ್ಟಿಗೆ ಬೆಸ್ಕಾಂ ಹೊತ್ತು ನೋಡಿ ಬೆಲೆ ಕಟ್ಟಲಿ. ಮನೆಗೆ ಮಾರುವ ಯೂನಿಟ್ಟಿಗೂ ಅದೇ ತಕ್ಕಡಿಯನ್ನು ಹಿಡಿಯಲಿ. ಮಧ್ಯಾಹ್ನದ ಯೂನಿಟ್ಟಿಗೆ ಕಡಮೆ ಬೆಲೆ ಬಂದರೆ ಗೃಹಸ್ಥನು ದೂರುವಂತಿಲ್ಲ, ಸಂಜೆಯ ಏಳು ಗಂಟೆಗೆ ಬ್ಯಾಟರಿಯಿಂದ ಕೊಟ್ಟ ಯೂನಿಟ್ಟಿಗೆ ಹೆಚ್ಚು ಬೆಲೆ ಕೊಡುವಾಗ ಕಂಪನಿಯೂ ಗೊಣಗುವಂತಿಲ್ಲ. ಮಾರುವಾಗ ಒಂದು ಸೇರು, ಕೊಳ್ಳುವಾಗ ಇನ್ನೊಂದು ಸೇರು ಎಂಬುದು ಯಾವ ಸಂತೆಯಲ್ಲೂ ನ್ಯಾಯವಲ್ಲ.

ಇದಕ್ಕೆ ಬರಬಹುದಾದ ಎರಡು ಆಕ್ಷೇಪಣೆಗಳನ್ನು ನಾವು ಬದಿಗೊತ್ತುವಂತಿಲ್ಲ. ಮೊದಲನೆಯದು, ಮಹಡಿ ಇಲ್ಲದವರ ಪಾಡು. ಪಟ್ಟಂದೂರು ಅಗ್ರಹಾರದಂಥ ಕಡೆ ಬಾಡಿಗೆದಾರರೇ ಹೆಚ್ಚು. ಫ್ಲ್ಯಾಟಿನ ಒಡೆಯನಿಗೂ ತನ್ನದೆನ್ನುವ ಮಹಡಿ ಇಲ್ಲ. ಸಹಾಯಧನವೆಲ್ಲ ಮಹಡಿ ಉಳ್ಳವರಿಗೆ ಹರಿದು, ಕಂಬ ತಂತಿಗಳ ಖರ್ಚೆಲ್ಲ ಇಲ್ಲದವರ ಬಿಲ್ಲಿನ ಮೇಲೆ ಬೀಳುವುದಾದರೆ ಅದು ಅನ್ಯಾಯ. ದೆಹಲಿಯಲ್ಲಿ 2019ರಲ್ಲೇ, ಒಂದು ಕಡೆ ಇರಿಸಿದ ಫಲಕಗಳ ಉತ್ಪತ್ತಿಯನ್ನು ಹಲವು ಮನೆಗಳ ಬಿಲ್ಲುಗಳಿಗೆ ಪಾಲುಪಾಲಾಗಿ ಹಂಚುವ ಕ್ರಮಕ್ಕೆ ನಿಯಮ ರೂಪಿಸಲಾಯಿತು. ಶಾಲೆಯ ಮಾಡು, ಕಚೇರಿಯ ಮಾಡು, ವಾಹನ ನಿಲ್ಲಿಸುವ ಜಾಗದ ಚಪ್ಪರ ಇಂಥವುಗಳಲ್ಲಿ ಬಾಡಿಗೆದಾರನೂ ಒಂದು ಕಿಲೋವಾಟಿನ ಪಾಲು ಕೊಂಡು, ಮನೆ ಬದಲಾಯಿಸಿದಾಗ ಆ ಪಾಲನ್ನು ಹೊಸ ಮೀಟರಿಗೆ ಒಯ್ಯುವಂತಾಗಬೇಕು. ಸಾವಿರಾರು ಕಾರುಗಳು ಹಗಲೆಲ್ಲ ಬಿಸಿಲಿನಲ್ಲಿ ನಿಲ್ಲುವ ವೈಟ್‌ಫೀಲ್ಡಿನ ಬಯಲುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಎರಡನೆಯದು, ಗೃಹಜ್ಯೋತಿಯ ವಿಷಯ. 2023ರಲ್ಲಿ ರಾಜ್ಯ ಸರ್ಕಾರ ತಂದ ಈ ಯೋಜನೆಯಂತೆ, ಹಿಂದಿನ ವರ್ಷದ ಸರಾಸರಿ ಬಳಕೆಗೆ ನೂರಕ್ಕೆ ಹತ್ತನ್ನು ಸೇರಿಸಿದ ಮಿತಿಯೊಳಗೆ, 200 ಯೂನಿಟ್ಟು ಮೀರದಂತೆ ಬಳಸುವ ಮನೆಗೆ ವಿದ್ಯುತ್ತು ಉಚಿತವಾಯಿತು. ಬಡ ಸಂಸಾರಕ್ಕೆ ಇದರಿಂದ ಆಗಿರುವ ಉಪಕಾರವನ್ನು ಅಲ್ಲಗಳೆಯಲಾಗದು. ಅದನ್ನು ಕಿತ್ತುಕೊಳ್ಳಬೇಕೆಂದು ನಾವು ಹೇಳುವುದೂ ಇಲ್ಲ. ಆದರೆ ಬಿಲ್ಲೇ ಬಾರದ ಮನೆಯಲ್ಲಿ ಹೊತ್ತಿನ ದರಕ್ಕೆ ಅರ್ಥವಿಲ್ಲ, ಗೀಸರಿನ ಗುಂಡಿಯ ಕಡೆ ಯಾರ ಗಮನವೂ ಹರಿಯುವುದಿಲ್ಲ. ಬೆಳಗಿನ ಹೊತ್ತಿನಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೂ ಇಂತಿಷ್ಟೆಂದು ಆ ಮನೆಯವರ ಖಾತೆಗೆ ಹಣ ಕಟ್ಟಿದರೆ, ಉಚಿತವೂ ಉಳಿಯುತ್ತದೆ, ಮಿತವೂ ಬೆಳೆಯುತ್ತದೆ. ಸರ್ಕಾರ ಹೇಗೂ ಆ ಯೂನಿಟ್ಟಿಗೆ ಕಂಪನಿಗೆ ಹಣ ತೆರಲೇಬೇಕು. ಅದರಲ್ಲಿ ಒಂದು ಪಾಲನ್ನು ಉಳಿಸಿದವರಿಗೇ ಕೊಟ್ಟರೆ ನಷ್ಟವಾಗದು.

ನಮ್ಮ ಸಲಹೆಗೆ ಇರುವ ಮಿತಿಯನ್ನೂ ಹೇಳಬೇಕಾದುದು ನ್ಯಾಯ. ಬಿಸಿನೀರಿನ ತೊಟ್ಟಿಯಿಂದ ಸಂಜೆ ದೀಪ ಹತ್ತಿಸಲಾಗದು. ಮಳೆಗಾಲದಲ್ಲಿ ಮೋಡ ಕವಿದ ದಿನಗಳಂದು ಫಲಕಗಳು ಅರೆಹೊಟ್ಟೆಯಲ್ಲಿರುತ್ತವೆ, ಆಗ ಕಂಬದ ವಿದ್ಯುತ್ತೇ ಗತಿ. ಒಂದೇ ಬೀದಿಯ ಎಲ್ಲ ಮಹಡಿಗಳೂ ಒಮ್ಮೆಗೇ ವಿದ್ಯುತ್ತನ್ನು ತಂತಿಗೆ ತುಂಬಿದರೆ ಅಲ್ಲಿನ ವೋಲ್ಟೇಜು ಏರುವುದರಿಂದ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯವನ್ನೂ ನೋಡಬೇಕಾಗುತ್ತದೆ. ಮಧ್ಯಾಹ್ನ ಆ ಬೀದಿಯ ಗೀಸರುಗಳೇ ಅದನ್ನು ಹೀರಿಕೊಂಡರೆ ಈ ತೊಡಕು ಬಹುಮಟ್ಟಿಗೆ ತಗ್ಗುತ್ತದೆ. ಶರಾವತಿಯ ಪ್ರಶ್ನೆಯನ್ನು ಬಚ್ಚಲೊಂದೇ ಬಗೆಹರಿಸಲಾರದು, ಆದರೆ ಆ ಪ್ರಶ್ನೆಯ ಗಾತ್ರವನ್ನು ಅದು ಕುಗ್ಗಿಸಬಲ್ಲದು. ಕಾಡನ್ನು ಕಡಿಯುವ ಮೊದಲು ಮನೆಯಲ್ಲಿರುವ ತೊಟ್ಟಿಗಳನ್ನು ಎಣಿಸುವುದು ವಿವೇಕ.

ಹೊಸದಾಗಿ ಮನೆ ಕಟ್ಟುವವರೂ ಪಿ.ಜಿ. ನಡೆಸುವವರೂ ಇನ್ನು ಮುಂದೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ತೊಟ್ಟಿಗೆ ಒಳ್ಳೆಯ ಹೊದಿಕೆ ಇದೆಯೇ? ಅದು ಕಾಯುವುದು ಯಾವ ಹೊತ್ತಿನಲ್ಲಿ? ನೀರಿನ ಗಡಸನ್ನು ತಗ್ಗಿಸುವ ಏರ್ಪಾಡೇನು? ಆಯೋಗವೂ ಬೆಸ್ಕಾಮೂ ತಮ್ಮನ್ನು ತಾವು ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಮಧ್ಯಾಹ್ನ ನೀರು ಕಾಯಿಸಿದವನಿಗೆ ನಾವು ಕೊಡುವ ಪ್ರತಿಫಲವೇನು? ಅದಕ್ಕೆ ತಕ್ಕ ಉತ್ತರ ದರಪಟ್ಟಿಯಲ್ಲಿ ಮೂಡುವವರೆಗೆ ಲಕ್ಷಾಂತರ ಗೀಸರುಗಳು ಸೂರ್ಯ ಏಳುವ ಮೊದಲೇ ಏಳುತ್ತಿರುತ್ತವೆ. ಅವುಗಳಿಗಾಗಿ ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯುತ್ತಿರುತ್ತದೆ.